ಗಾರೆ ಮೆತ್ತುವ ಮೊದಲು: ಕಡಲ ತಡೆಗೋಡೆಯ ದೋಷ ಪತ್ತೆ

ಕಡಲ ತಡೆಗೋಡೆ ಬಿರುಕು ಬಿಟ್ಟಿದೆ ಎಂಬ ದೂರು ಬಂದರೆ ಸ್ಥಳೀಯ ಸಂಸ್ಥೆಯ ಎಂಜಿನಿಯರಿಂಗ್ ವಿಭಾಗದಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು: ಒಬ್ಬರು ಹೋಗಿ ಬಿರುಕಿನ ಫೋಟೊ ತೆಗೆಯುತ್ತಾರೆ, ಇನ್ನೊಬ್ಬರು ಸಿಮೆಂಟು ಮರಳಿನ ಅಂದಾಜುಪಟ್ಟಿ ಬರೆಯುತ್ತಾರೆ, ಗುತ್ತಿಗೆದಾರರು ಬಂದು ಗಾರೆ ಮೆತ್ತಿ ಹೋಗುತ್ತಾರೆ. ಮುಂದಿನ ಬಿರುಗಾಳಿಯ ಕಾಲಕ್ಕೆ ಅದೇ ಜಾಗದಲ್ಲಿ ಅದೇ ಬಿರುಕು, ಅರ್ಧ ಬೆರಳು ಹೆಚ್ಚು ಅಗಲವಾಗಿ. ಇಂಥ ಕಡತಗಳನ್ನು ನೋಡಿ ನೋಡಿ ನನಗೊಂದು ಹಟ ಬಂದಿದೆ. ಗೋಡೆಯ ಮೈಯನ್ನು ಕಡೆಯಲ್ಲಿ ನೋಡುತ್ತೇನೆ. ಮೊದಲು ಬುಡ, ಆಮೇಲೆ ಬೆನ್ನು, ಕೊನೆಗೆ ಮೈ. ಅಲೆ ಹೊಡೆಯುವುದು ಮೈಗೇ ಆದರೂ, ಗೋಡೆ ಬೀಳುವುದು ಬಹುಮಟ್ಟಿಗೆ ಬುಡದ ಮರಳು ಹೋದಾಗ ಅಥವಾ ಬೆನ್ನ ಹಿಂದಿನ ಮಣ್ಣು ಸೋರಿದಾಗ. ಈ ಬರಹವೂ ಅದೇ ಕ್ರಮದಲ್ಲಿದೆ.

ಹೋಗುವ ಹೊತ್ತು

ಬೆಳಿಗ್ಗೆ ಹತ್ತಕ್ಕೆ ಕಚೇರಿ ತೆರೆಯುತ್ತದೆ ಎಂದು ಹತ್ತೂವರೆಗೆ ತಪಾಸಣೆಗೆ ಹೋಗುವುದರಲ್ಲಿ ಅರ್ಥವಿಲ್ಲ. ಆಗ ಉಬ್ಬರವಿದ್ದರೆ ಕಾಣುವುದು ಗೋಡೆಯ ಮೇಲರ್ಧ ಮಾತ್ರ; ನೋಡಬೇಕಾದದ್ದೆಲ್ಲ ನೀರಿನಡಿ ಇರುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ನಂತರದ ಒಂದೆರಡು ದಿನಗಳಲ್ಲಿ ಇಳಿತ ಅತ್ಯಂತ ಕೆಳಗೆ ಹೋಗುತ್ತದೆ. ಉಬ್ಬರವಿಳಿತದ ಕೋಷ್ಟಕ ನೋಡಿ, ಆ ದಿನಗಳಲ್ಲಿ ಪೂರ್ತಿ ಇಳಿತಕ್ಕೆ ಒಂದು ಗಂಟೆ ಮೊದಲು ಬುಡದಲ್ಲಿ ಇರಬೇಕು. ಕೆಲಸಕ್ಕೆ ಸಿಗುವುದು ಹೆಚ್ಚೆಂದರೆ ಎರಡು ಗಂಟೆ. ಒಬ್ಬರೇ ಹೋಗಬೇಡಿ. ಬುಡದಲ್ಲಿ ಬಗ್ಗಿ ಅಳೆಯುವಾಗ ಕಡಲಿನತ್ತ ಮುಖ ಮಾಡಿ ನಿಲ್ಲಲೆಂದೇ ಇನ್ನೊಬ್ಬರು ಬೇಕು.

ಸಾಮಾನು ದುಬಾರಿಯದ್ದೇನೂ ಅಲ್ಲ. ಟೇಪು, ತೂಗುಗುಂಡು, ಸುತ್ತಿಗೆ, ಸೀಮೆಸುಣ್ಣ, ಎರಡು ಮೀಟರ್ ಉದ್ದದ ತೆಳ್ಳನೆಯ ಉಕ್ಕಿನ ಸಲಾಕೆ, ನೀರಿನ ವಿದ್ಯುತ್ ವಾಹಕತೆ ಅಳೆಯುವ ಕೈಮೀಟರ್. ಇವೆಲ್ಲಕ್ಕಿಂತ ಮುಖ್ಯವಾದದ್ದು ಗೋಡೆಯ ಮೂಲ ನಕ್ಷೆ. ಅಡಿಪಾಯ ಎಷ್ಟು ಆಳಕ್ಕಿದೆ ಎಂಬುದು ತಿಳಿಯದೆ ಬುಡದ ಅಳತೆಗೆ ಬೆಲೆಯಿಲ್ಲ. ನಕ್ಷೆ ಕಳೆದುಹೋಗಿದ್ದರೆ, ಅದು ಸಾಮಾನ್ಯ, ಬುಡದಲ್ಲಿ ಒಂದೆರಡು ಕಡೆ ಗುಂಡಿ ತೋಡಿ ಅಡಿಪಾಯದ ತಳ ಕಂಡುಕೊಳ್ಳಿ. ತೋಡಿದ ಗುಂಡಿಯನ್ನು ಅದೇ ಇಳಿತದಲ್ಲಿ ಮುಚ್ಚಬೇಕು, ಮರುದಿನಕ್ಕೆ ಬಿಡಬಾರದು.

ಬುಡ

ಗೋಡೆಯ ತಲೆಯಿಂದ ಮರಳಿನವರೆಗೆ ಎಷ್ಟು ಮೀಟರ್? ಇಡೀ ತಪಾಸಣೆಯಲ್ಲಿ ಒಂದೇ ಅಂಕಿ ಬರೆದುಕೊಳ್ಳಲು ಅವಕಾಶವಿದ್ದರೆ ನಾನು ಇದನ್ನು ಬರೆದುಕೊಳ್ಳುತ್ತೇನೆ. ಪ್ರತಿ 20 ಮೀಟರಿಗೆ ಗೋಡೆಯ ತಲೆಯ ಮೇಲೆ ಬಣ್ಣದ ಗುರುತು ಹಾಕಿ, ಪ್ರತಿ ಸಲವೂ ಅದೇ ಗುರುತಿನಿಂದ ಟೇಪು ಇಳಿಬಿಡಿ. ಒಂದು ಸಲದ ಅಳತೆ ಏನನ್ನೂ ಹೇಳುವುದಿಲ್ಲ. ಎರಡು ವರ್ಷದ ಅಳತೆಗಳು ಕಣ್ಣಿಗೆ ಕಾಣದ ದೋಷವನ್ನು ಹೇಳುತ್ತವೆ.

ಆದರೆ ಈ ಅಳತೆಯಲ್ಲಿ ಒಂದು ಮೋಸವಿದೆ. ಬಿರುಗಾಳಿಯ ಹೊತ್ತಿನಲ್ಲಿ ಗೋಡೆಗೆ ಬಡಿದು ಹಿಂದಿರುಗುವ ಅಲೆ ಬುಡದ ಮರಳನ್ನು ಕೊರೆದು ಕಂದಕ ಮಾಡುತ್ತದೆ. ಗಾಳಿ ತಗ್ಗಿದ ಕೆಲವೇ ಗಂಟೆಗಳಲ್ಲಿ ಸಣ್ಣ ಅಲೆಗಳು ಆ ಕಂದಕಕ್ಕೆ ಮರಳು ತಂದು ತುಂಬುತ್ತವೆ. ನೀವು ಮೂರನೆಯ ದಿನ ಹೋಗಿ ನೋಡಿದರೆ ಮರಳು ಸಪಾಟಾಗಿರುತ್ತದೆ, ಏನೂ ಆಗಿಲ್ಲ ಎಂದು ಬರೆದು ಬರುತ್ತೀರಿ. ನಿಜವಾದ ಆಳ ತಿಳಿಯಲು ಎರಡು ದಾರಿಗಳಿವೆ. ಸಲಾಕೆಯನ್ನು ಕೈಯಿಂದ ಒತ್ತಿ ನೋಡಿ: ಹೊಸದಾಗಿ ಬಂದು ಕುಳಿತ ಮರಳಿನಲ್ಲಿ ಅದು ಬೆಣ್ಣೆಗೆ ಹಾಕಿದ ಚಾಕುವಿನಂತೆ ಇಳಿಯುತ್ತದೆ, ಹಳೆಯ ಗಟ್ಟಿ ಪದರ ತಲುಪಿದಾಗ ತಡೆಯುತ್ತದೆ. ತಡೆದ ಆಳ ಅಡಿಪಾಯದ ತಳಕ್ಕೆ ಸಮೀಪವಿದ್ದರೆ ಗೋಡೆ ಆ ಬಿರುಗಾಳಿಯಲ್ಲಿ ಒಂದಷ್ಟು ಹೊತ್ತು ಕಾಲು ಬರಿದಾಗಿ ನಿಂತಿತ್ತು ಎಂದರ್ಥ. ಎರಡನೆಯದು ಗೋಡೆಯ ಬಣ್ಣ. ಪಾಚಿ, ಬಾರ್ನಕಲ್ ಚಿಪ್ಪು ಹಿಡಿದ ಪಟ್ಟಿಯ ಕೆಳಗೆ ಹೊಸದಾದ, ಸ್ವಚ್ಛವಾದ ಕಾಂಕ್ರೀಟಿನ ಪಟ್ಟಿ ಕಂಡರೆ ಅಷ್ಟು ಭಾಗ ಇತ್ತೀಚಿನವರೆಗೂ ಮರಳಿನಲ್ಲಿ ಹೂತಿತ್ತು.

ಕೊರೆತ ಎಷ್ಟು ಆಳಕ್ಕೆ ಹೋಗಬಹುದು ಎಂಬುದಕ್ಕೆ ಎಂಜಿನಿಯರುಗಳ ಹಳೆಯ ಸ್ಥೂಲ ಲೆಕ್ಕವೊಂದಿದೆ: ನೆಟ್ಟಗೆ ನಿಂತ ಗೋಡೆಯ ಬುಡದಲ್ಲಿ ಕಂದಕದ ಆಳ ಹೆಚ್ಚೆಂದರೆ ಅಲ್ಲಿಗೆ ಬರುವ, ಇನ್ನೂ ಒಡೆಯದ ಅಲೆಯ ಎತ್ತರದಷ್ಟು. ಎರಡು ಮೀಟರ್ ಅಲೆ ಬರುವ ಕಡೆ ಅಡಿಪಾಯ ಮರಳಿನಡಿ ಒಂದೇ ಮೀಟರ್ ಇದ್ದರೆ ನಿಮ್ಮ ದೋಷ ಪತ್ತೆ ಅಲ್ಲಿಗೇ ಅರ್ಧ ಮುಗಿಯಿತು. ಇಂಥ ಗೋಡೆಯ ಮೈಗೆ ಹಣ ಹಾಕುವುದು ವ್ಯರ್ಥ. ಬುಡಕ್ಕೆ ಕಲ್ಲಿನ ಹಾಸು, ಶೀಟ್ ಪೈಲ್ ಸಾಲು (ಒಂದಕ್ಕೊಂದು ಕೊಂಡಿ ಹಾಕಿ ನೆಲಕ್ಕೆ ಹೊಡೆದ ಉಕ್ಕಿನ ಹಾಳೆಗಳು) ಅಥವಾ ಕಡಲತಡಿಗೆ ಮರಳು ತುಂಬುವ ಕೆಲಸ, ಇವುಗಳಲ್ಲಿ ಒಂದು ಆಗಬೇಕು.

ಬೆನ್ನು: ನಡಿಗೆದಾರಿ ಕುಸಿದಿದೆ

ಗೋಡೆಯ ಹಿಂದಿನ ನಡಿಗೆದಾರಿಯ ಹಾಸು ತಗ್ಗಿದೆ, ಕಾಲಿಟ್ಟರೆ ಟೊಳ್ಳು ಸದ್ದು ಬರುತ್ತದೆ, ಒಂದು ಮಳೆಯಲ್ಲಿ ಗುಂಡಿಯೇ ಬಿತ್ತು. ಸ್ಥಳೀಯ ಸಂಸ್ಥೆಗಳಿಗೆ ಬರುವ ದೂರುಗಳಲ್ಲಿ ನಾನು ಅತಿ ಹೆಚ್ಚು ಹೆದರುವುದು ಇದಕ್ಕೆ. ಬಹುತೇಕ ಕಡೆ ಇದನ್ನು ರಸ್ತೆ ದುರಸ್ತಿಯ ಲೆಕ್ಕಕ್ಕೆ ಹಾಕಿ ಜಲ್ಲಿ ಸುರಿದು ಮುಚ್ಚುತ್ತಾರೆ. ಹೋದ ಮಣ್ಣು ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಒಂದೇ ಗುಂಡಿಯನ್ನು ಒಂದೇ ವರ್ಷದಲ್ಲಿ ಮೂರು ಸಲ ತುಂಬಿಸಿದ ದಾಖಲೆ ನನ್ನ ಕೈಗೆ ಬಂದದ್ದುಂಟು. ತುಂಬಿದ್ದೆಲ್ಲವೂ ಗೋಡೆಯ ಅಡಿಯಿಂದ ಕಡಲಿಗೆ ಹೋಗುತ್ತಿತ್ತು, ಪ್ರತಿ ಸಲವೂ ಬಿಲ್ಲು ಪಾವತಿಯಾಗಿತ್ತು.

ಮಣ್ಣಿಗೆ ಮೂರು ದಾರಿಗಳಿವೆ. ಗೋಡೆಯ ತುಂಡುಗಳ ನಡುವಿನ ಕೀಲುಗಳಿಂದ ಸೋರಬಹುದು, ಬುಡದಡಿಯಿಂದ ನುಸುಳಬಹುದು, ಅಥವಾ ದೋಷ ಕಡಲಿನದ್ದೇ ಅಲ್ಲದೆ ನಡಿಗೆದಾರಿಯಡಿ ಒಡೆದ ಕೊಳವೆಯೊಂದು ಮಣ್ಣನ್ನು ಕೊಚ್ಚುತ್ತಿರಬಹುದು. ಬೇರ್ಪಡಿಸುವುದು ಕಷ್ಟವಲ್ಲ. ಕೀಲಿಗೆ ನೇರವಾಗಿ, ಗೋಡೆಗೆ ಅಂಟಿಕೊಂಡು ಬಟ್ಟಲಿನಂಥ ತಗ್ಗು ಬಿದ್ದಿದ್ದರೆ ಕೀಲು. ಗೋಡೆಗೆ ಸಮಾನಾಂತರವಾಗಿ ಉದ್ದನೆಯ ಕಾಲುವೆಯಂತೆ ತಗ್ಗಿದ್ದರೆ ಬುಡ. ಗೋಡೆಯಿಂದ ದೂರದಲ್ಲಿ, ಚರಂಡಿಯ ಮ್ಯಾನ್‌ಹೋಲ್ ಸುತ್ತ ತಗ್ಗಿದ್ದರೆ ಕೊಳವೆ. ಇದು ಮೊದಲ ಊಹೆ. ಖಚಿತಪಡಿಸಲು ಉಬ್ಬರ ಇಳಿಯತೊಡಗಿದಾಗ ಬುಡದಲ್ಲಿ ನಿಂತು ಗೋಡೆಯನ್ನು ನೋಡಿ. ಎಲ್ಲಿಂದ ನೀರು ಬರುತ್ತಿದೆ, ತಿಳಿಯಾಗಿದೆಯೇ ಕದಡಿದೆಯೇ? ತಿಳಿನೀರು ಬಂದರೆ ಸಂತೋಷ. ಅದು ಗೋಡೆ ಉಸಿರಾಡುತ್ತಿರುವ ಲಕ್ಷಣ. ಮಣ್ಣಿನ ಬಣ್ಣದ ನೀರು ಬಂದರೆ ಬೆನ್ನ ಹಿಂದಿನ ತುಂಬು ಕರಗುತ್ತಿದೆ. ಆ ನೀರಿಗೆ ವಾಹಕತೆಯ ಮೀಟರ್ ಅದ್ದಿ. ಕಡಲ ನೀರು ಸೆಂಟಿಮೀಟರಿಗೆ ಸುಮಾರು 50 ಮಿಲಿಸೀಮನ್ಸ್ ತೋರಿಸುತ್ತದೆ, ನಲ್ಲಿಯ ನೀರು ಸಾಮಾನ್ಯವಾಗಿ 1ಕ್ಕಿಂತ ಕಡಿಮೆ. ಇಳಿತದ ಕೊನೆಯವರೆಗೂ ಕಡಿಮೆ ಅಂಕಿಯ ನೀರೇ ಸೋರುತ್ತಿದ್ದರೆ ಕಡಲನ್ನು ಬಿಟ್ಟು ನೀರು ಸರಬರಾಜಿನವರನ್ನು ಕರೆಯಿರಿ. ಗುಂಡಿಗೆ ಬಣ್ಣದ ನೀರು ಸುರಿದು ಅದು ಎಲ್ಲಿ ಹೊರಬರುತ್ತದೆ ಎಂದು ಕಾಯುವುದೂ ಒಳ್ಳೆಯ ಪರೀಕ್ಷೆ, ಆದರೆ ಮೀನುಗಾರರಿಗೆ ಮೊದಲೇ ತಿಳಿಸಿ, ಹಾನಿಯಿಲ್ಲದ ಬಣ್ಣ ಬಳಸಿ.

ಟೊಳ್ಳಿನ ವ್ಯಾಪ್ತಿ ತಿಳಿಯಲು ನೆಲ ಭೇದಿಸುವ ರಾಡಾರ್ ತರಿಸೋಣ ಎಂದು ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಒಣ ನೆಲದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಉಪ್ಪುನೀರು ತುಂಬಿದ ಮಣ್ಣಿನಲ್ಲಿ ರಾಡಾರಿನ ಸಂಕೇತ ಬೇಗ ಕುಂದಿಹೋಗುವುದರಿಂದ ಚಿತ್ರ ಮಸುಕಾಗುತ್ತದೆ. ಹಾಸಿನಡಿಯ ಮೊದಲ ಅರ್ಧ ಮೀಟರ್ ಒಣಗಿದ್ದರೆ ಅಷ್ಟರ ಮಟ್ಟಿಗೆ ಪ್ರಯೋಜನ. ನನ್ನ ಮಟ್ಟಿಗೆ ಸುತ್ತಿಗೆಯಿಂದ ತಟ್ಟಿ ಸೀಮೆಸುಣ್ಣದಲ್ಲಿ ಟೊಳ್ಳಿನ ಗಡಿ ಬರೆದು, ಮಧ್ಯದಲ್ಲಿ ಡ್ರಿಲ್ಲಿನಿಂದ ತೂತು ಕೊರೆದು ಸಣ್ಣ ಕ್ಯಾಮೆರಾ ಇಳಿಸುವುದೇ ನಂಬಿಕೆಯ ದಾರಿ.

ಇನ್ನು ಚಿಕಿತ್ಸೆಯಲ್ಲಿ ಆಗುವ ದೊಡ್ಡ ತಪ್ಪು. ಟೊಳ್ಳು ಸಿಕ್ಕಿತೆಂದು ಕೂಡಲೇ ಮೇಲಿನಿಂದ ಕಾಂಕ್ರೀಟ್ ಅಥವಾ ಗ್ರೌಟ್, ಎಂದರೆ ತೆಳ್ಳನೆಯ ಸಿಮೆಂಟು ಗಾರೆ, ಸುರಿಯುತ್ತಾರೆ. ಅದು ಹರಿದು ಹೋಗಿ ಗೋಡೆಯಲ್ಲಿನ ನೀರುಗಂಡಿಗಳನ್ನು, ಎಂದರೆ ವೀಪ್ ಹೋಲ್‌ಗಳನ್ನು ಮುಚ್ಚುತ್ತದೆ. ಉಬ್ಬರದಲ್ಲಿ ಗೋಡೆಯ ಹಿಂದೆ ತುಂಬಿದ ನೀರಿಗೆ ಇಳಿತದಲ್ಲಿ ಹೊರಬರಲು ದಾರಿ ಇರುವುದಿಲ್ಲ. ಹೊರಗೆ ಕಡಲು ಎರಡು ಮೀಟರ್ ಇಳಿದಿದೆ, ಒಳಗಿನ ನೀರು ಅಲ್ಲೇ ನಿಂತಿದೆ ಎಂದುಕೊಳ್ಳಿ. ಒಂದು ಮೀಟರ್ ನೀರು ಚದರ ಮೀಟರಿಗೆ ಸರಿಸುಮಾರು ಒಂದು ಟನ್ ಒತ್ತಡ. ಎರಡು ಮೀಟರ್ ವ್ಯತ್ಯಾಸಕ್ಕೆ ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಆ ಎರಡು ಮೀಟರ್ ಎತ್ತರದಲ್ಲೇ ಎರಡು ಟನ್ ತಳ್ಳುವಿಕೆ ಬೀಳುತ್ತದೆ, ದಿನಕ್ಕೆ ಎರಡು ಉಬ್ಬರವಿದ್ದರೆ ಎರಡೂ ಸಲ. ಗುಂಡಿ ಮುಚ್ಚಿದವರೇ ಗೋಡೆಯನ್ನು ಕಡಲಿನತ್ತ ತಳ್ಳಿದಂತಾಯಿತು.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಮಣ್ಣು ಹೊರಹೋಗುವ ಬಾಯಿ ಮುಚ್ಚಬೇಕು: ಬುಡವಾದರೆ ಬುಡ, ಕೀಲಾದರೆ ಕೀಲು. ಆಮೇಲೆ ನೀರುಗಂಡಿಗಳಿಗೆ ಕೊಳವೆ ತೂರಿಸಿ, ಹಿಂಬದಿಯಲ್ಲಿ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಮತ್ತು ಜಲ್ಲಿಯ ಸೋಸುಪದರ ಇಡಬೇಕು. ಕೊನೆಗೆ ತುಂಬು. ಸೋಸುಪದರಕ್ಕೆ ಮಣ್ಣಿನ ಎಂಜಿನಿಯರಿಂಗ್‌ಗೆ ಬುನಾದಿ ಹಾಕಿದ ಟೆರ್ಜಾಘಿಯ ಕಾಲದಿಂದ ಬಂದ ನಿಯಮವಿದೆ: ಜಲ್ಲಿಯ ಸಣ್ಣ ಕಾಳುಗಳ ಗಾತ್ರ (ತೂಕದಲ್ಲಿ 15 ಶೇಕಡಾ ಅದಕ್ಕಿಂತ ಸಣ್ಣದಿರುವ ಗಾತ್ರ) ಹಿಂದಿನ ಮಣ್ಣಿನ ದಪ್ಪ ಕಾಳುಗಳ ಗಾತ್ರದ (85 ಶೇಕಡಾ ಸಣ್ಣದಿರುವ ಗಾತ್ರ) ನಾಲ್ಕೈದು ಪಟ್ಟು ಮೀರಬಾರದು. ಮೀರಿದರೆ ಮಣ್ಣು ಜಲ್ಲಿಯೊಳಗಿಂದ ನುಸುಳುತ್ತದೆ. ಗುತ್ತಿಗೆದಾರರು ತಂದ ಜಲ್ಲಿಯನ್ನು ಜರಡಿ ಹಿಡಿಯದೆ ಒಪ್ಪಿಕೊಳ್ಳಬೇಡಿ.

ಬೆನ್ನು ಖಾಲಿಯಾದ ಗೋಡೆಗೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಡಾಲಿಷ್‌ನಲ್ಲಿ ಜಗತ್ತೇ ನೋಡಿತು. 2014ರ ಫೆಬ್ರುವರಿ 4ರ ರಾತ್ರಿಯ ಬಿರುಗಾಳಿಯಲ್ಲಿ ಅಲ್ಲಿನ ಕಡಲಗೋಡೆ ಒಡೆದು, ಹಿಂದಿದ್ದ ರೈಲುಮಾರ್ಗದ ಅಡಿಯ ತುಂಬೆಲ್ಲ ಕೊಚ್ಚಿಹೋಗಿ ಹಳಿಗಳು ಗಾಳಿಯಲ್ಲಿ ತೂಗಿದವು. ಒಡೆದ ಜಾಗದ ಮುಂದೆ ಸರಕು ಸಾಗಿಸುವ ಕಂಟೇನರ್‌ಗಳನ್ನು ತುಂಬಿಸಿ ಸಾಲಾಗಿ ನಿಲ್ಲಿಸಿ, ಅವುಗಳ ಮರೆಯಲ್ಲಿ ಕೆಲಸ ಮಾಡಿದರು. ರೈಲು ಮತ್ತೆ ಓಡಿದ್ದು ಏಪ್ರಿಲ್ 4ರಂದು. ಗೋಡೆಯ ಹಿಂದೆ ರೈಲಿಲ್ಲದಿದ್ದರೂ ರಸ್ತೆ, ಚರಂಡಿ, ವಿದ್ಯುತ್ ಕೇಬಲ್ ಇರುತ್ತವೆ. ಅವುಗಳ ನಕ್ಷೆ ನಿಮ್ಮ ಕಡತದಲ್ಲಿ ಇದೆಯೇ ಎಂದು ಈಗಲೇ ನೋಡಿ.

ಗೋಡೆ ವಾಲಿದೆ

ಕಣ್ಣಳತೆ ಸಾಲದು. ತೂಗುಗುಂಡು ಇಳಿಬಿಟ್ಟು ತಲೆಯಲ್ಲಿ ಮತ್ತು ಬುಡದಲ್ಲಿ ದಾರದಿಂದ ಗೋಡೆಗಿರುವ ಅಂತರ ಅಳೆಯಿರಿ. ಕಟ್ಟುವಾಗಲೇ ಇಳಿಜಾರು ಕೊಟ್ಟಿದ್ದ ಗೋಡೆಯಾದರೆ ಮೂಲ ನಕ್ಷೆಯ ಕೋನ ಕಳೆಯಬೇಕು. ಇದನ್ನು ಮರೆತು ವಾಲದ ಗೋಡೆಯನ್ನು ವಾಲಿದೆ ಎಂದು ಬರೆದ ವರದಿಗಳಿಗೆ ಲೆಕ್ಕವಿಲ್ಲ.

ಕಡಲಿನತ್ತ ವಾಲಿದ್ದರೆ ಬುಡ ಹೋಗಿದೆ ಅಥವಾ ಹಿಂದಿನಿಂದ ನೀರು ತಳ್ಳುತ್ತಿದೆ ಅಥವಾ ಗೋಡೆಯ ಅಂಚಿಗೆ ಭಾರದ ವಾಹನಗಳು ಬರುತ್ತಿವೆ. ನೆಲದತ್ತ ವಾಲಿದ್ದರೆ ಹಿಂಬದಿಯ ಆಸರೆ ಹೋಗಿದೆ ಎಂದು ಮೊದಲು ಶಂಕಿಸಿ. ಅಳತೆಯನ್ನು ಪೂರ್ತಿ ಉಬ್ಬರದಲ್ಲಿ ಒಮ್ಮೆ, ಪೂರ್ತಿ ಇಳಿತದಲ್ಲಿ ಒಮ್ಮೆ ತೆಗೆದುಕೊಳ್ಳಿ. ಎರಡರ ನಡುವೆ ಕೆಲವು ಮಿಲಿಮೀಟರ್ ವ್ಯತ್ಯಾಸ ಬಂದು, ಮರುದಿನವೂ ಅದೇ ಬಂದರೆ, ಗೋಡೆ ಉಬ್ಬರದ ಜೊತೆ ಅಲ್ಲಾಡುತ್ತಿದೆ. ಆಗ ಇನ್ನೇನೂ ಯೋಚಿಸದೆ ಮೇಲೆಯೂ ಕೆಳಗೂ ಜನಸಂಚಾರ ನಿಲ್ಲಿಸಿ. ಕಾರಣ ಆಮೇಲೆ ಹುಡುಕಬಹುದು.

ಮೈ: ಬಿರುಕು, ತುಕ್ಕು, ಬಿದ್ದ ಕಲ್ಲು

ಬಿರುಕುಗಳೆಲ್ಲ ಒಂದೇ ಜಾತಿಯಲ್ಲ. ಸಮ ಅಂತರದಲ್ಲಿ ನೆಟ್ಟಗೆ ಇಳಿದ ಕೂದಲೆಳೆಯಂಥ ಬಿರುಕುಗಳು ಕಾಂಕ್ರೀಟ್ ಕುಗ್ಗಿದ್ದರಿಂದ ಆದವು, ಸಾಮಾನ್ಯವಾಗಿ ಹಳೆಯವು, ನಿರುಪದ್ರವಿ. ಮೆಟ್ಟಿಲಿನಂತೆ ಓರೆಯಾಗಿ ಏರಿದ್ದು ಅಡಿಪಾಯದ ಒಂದು ಭಾಗ ಕುಸಿದದ್ದರ ಗುರುತು. ಮತ್ತೆ ಬುಡಕ್ಕೆ ಹೋಗಿ. ಅಡ್ಡಡ್ಡ ಬಂದ ಬಿರುಕಿನ ತುಟಿಗಳಲ್ಲಿ ಒಂದು ಮುಂದಕ್ಕೆ ಬಂದಿದ್ದರೆ ಹಿಂದಿನ ಒತ್ತಡಕ್ಕೆ ಗೋಡೆ ಬಾಗುತ್ತಿದೆ. ಒಣಗಿದ ಕೆರೆಯ ತಳದಂತೆ ಎಲ್ಲೆಡೆ ಹರಡಿ, ಬಿಳಿಯ ಅಂಟು ಜಿನುಗುತ್ತಿದ್ದರೆ ಜಲ್ಲಿಯ ಸಿಲಿಕಾ ಮತ್ತು ಸಿಮೆಂಟಿನ ಕ್ಷಾರದ ನಡುವೆ ರಾಸಾಯನಿಕ ಕ್ರಿಯೆ ನಡೆಯುತ್ತಿರಬಹುದು. ಅದಕ್ಕೆ ಪ್ರಯೋಗಾಲಯ ಬೇಕು, ಗಾರೆಯಲ್ಲ. ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಅಳತೆಪಟ್ಟಿ ಅಂಟಿಸಿ, ಪ್ರತಿ ತಿಂಗಳು ದಿನದ ಒಂದೇ ಹೊತ್ತಿನಲ್ಲಿ ಓದಿ. ಬಿಸಿಲಿಗೆ ಗೋಡೆ ಹಿಗ್ಗುವುದರಿಂದ ಬೆಳಗಿನ ಓದನ್ನು ಮಧ್ಯಾಹ್ನದ ಓದಿನೊಂದಿಗೆ ಹೋಲಿಸಿದರೆ ಇಲ್ಲದ ಚಲನೆ ಕಾಣುತ್ತದೆ.

ಕಂದು ಬಣ್ಣದ ತುಕ್ಕಿನ ಕಲೆ ಬೇರೆ ಕಥೆ. ಕಡಲ ಉಪ್ಪಿನ ಕ್ಲೋರೈಡ್ ಕಾಂಕ್ರೀಟಿನೊಳಗೆ ಇಳಿದು ಸರಳು ಮುಟ್ಟಿದಾಗ ತುಕ್ಕು ಶುರುವಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುವುದರಿಂದ ಮೇಲಿನ ಹೊದಿಕೆ ಸಿಡಿದು ಬೀಳುತ್ತದೆ. ಬೇರೆ ಬೇರೆ ಆಳದಿಂದ ಡ್ರಿಲ್ ಪುಡಿ ತೆಗೆದು ಪರೀಕ್ಷೆಗೆ ಕಳಿಸಿ. ಸಿಮೆಂಟಿನ ತೂಕದ 0.4 ಶೇಕಡಾ ಕ್ಲೋರೈಡ್ ಸರಳಿನ ಆಳಕ್ಕೆ ಮುಟ್ಟಿದ್ದರೆ ಎಚ್ಚರಿಕೆಯ ಗಡಿ ದಾಟಿದಂತೆ ಎಂಬುದು ಸಾಮಾನ್ಯ ಅಳತೆಗೋಲು. ತಾಮ್ರ-ತಾಮ್ರದ ಸಲ್ಫೇಟ್ ವಿದ್ಯುದಗ್ರದಿಂದ ಅಳೆದ ಸರಳಿನ ವೋಲ್ಟೇಜ್ ಮೈನಸ್ 350 ಮಿಲಿವೋಲ್ಟ್‌ಗಿಂತ ಕೆಳಗಿದ್ದರೆ ಅಲ್ಲಿ ತುಕ್ಕು ನಡೆಯುತ್ತಿರುವ ಸಾಧ್ಯತೆ 90 ಶೇಕಡಾಕ್ಕಿಂತ ಹೆಚ್ಚು. ಆದರೆ ಸದಾ ನೀರಿನಲ್ಲಿರುವ ಭಾಗದಲ್ಲಿ ಈ ಅಂಕಿಯನ್ನು ನಂಬಬೇಡಿ. ಅಲ್ಲಿ ಆಮ್ಲಜನಕವೇ ಸಿಗದ ಕಾರಣ ತುಕ್ಕಿಲ್ಲದೆಯೂ ವೋಲ್ಟೇಜ್ ಕೆಳಗಿರುತ್ತದೆ.

ತುಕ್ಕು ಹಿಡಿದ ಒಂದು ಜಾಗ ಕೆತ್ತಿ ಹೊಸ ಗಾರೆ ತುಂಬಿದ ಒಂದೆರಡು ವರ್ಷದಲ್ಲಿ ತೇಪೆಯ ಪಕ್ಕದಲ್ಲೇ ಹೊಸ ತುಕ್ಕು ಬರುವುದನ್ನು ನೀವು ನೋಡಿರಬಹುದು. ಗುತ್ತಿಗೆದಾರರ ಕಳಪೆ ಕೆಲಸವೆಂದು ಬೈಯುವ ಮೊದಲು ತಿಳಿಯಿರಿ: ತುಕ್ಕು ಹಿಡಿಯುತ್ತಿದ್ದ ಜಾಗ ಅಕ್ಕಪಕ್ಕದ ಸರಳನ್ನು ತನ್ನ ಬಲಿಯಿಂದ ಕಾಪಾಡುತ್ತಿತ್ತು. ಅದನ್ನು ಸರಿಪಡಿಸಿದ ಕೂಡಲೇ ಉಪ್ಪು ತುಂಬಿದ ಪಕ್ಕದ ಜಾಗದ ಸರದಿ. ತೇಪೆಯ ಅಂಚಿನಲ್ಲಿ ಸರಳಿನ ಬದಲು ತಾವೇ ಸವೆಯುವ ಸತುವಿನ ತುಂಡುಗಳನ್ನು, ಎಂದರೆ ಆನೋಡ್‌ಗಳನ್ನು ಹುದುಗಿಸುವುದು ಇದಕ್ಕೇ.

ಕಲ್ಲುಗೋಡೆಯಲ್ಲಿ ಒಂದೇ ಒಂದು ಕಲ್ಲು ಬಿದ್ದಿದ್ದರೆ ಅದು ಆ ವಾರದ ಕೆಲಸ, ಮುಂದಿನ ಆರ್ಥಿಕ ವರ್ಷದ್ದಲ್ಲ. ಅಪ್ಪಳಿಸುವ ಅಲೆ ಖಾಲಿ ಸಂದುಗಳಲ್ಲಿನ ಗಾಳಿಯನ್ನು ಅದುಮುತ್ತದೆ. ಆ ಒತ್ತಡ ಒಳಗಿನಿಂದ ಪಕ್ಕದ ಕಲ್ಲನ್ನು ಹೊರತಳ್ಳುತ್ತದೆ. ಒಂದೇ ಬಿರುಗಾಳಿಯಲ್ಲಿ ಒಂದು ಕಲ್ಲಿನ ತೂತು ಬಾಗಿಲಿನಷ್ಟಾಗಬಹುದು.

ಉಕ್ಕಿನ ಶೀಟ್ ಪೈಲ್

ಇಲ್ಲಿ ಒಂದೇ ದೋಷದ ಬಗ್ಗೆ ಎಚ್ಚರಿಸುತ್ತೇನೆ, ಏಕೆಂದರೆ ಮೇಲಿನಿಂದ ನೋಡಿದವರಿಗೆ ಅದು ಕಾಣುವುದೇ ಇಲ್ಲ. ಅತಿ ಕೆಳಗಿನ ಇಳಿತದ ಮಟ್ಟದ ಸುತ್ತ ಉಕ್ಕಿನ ಮೇಲೆ ಹೊಳೆಯುವ ಕಿತ್ತಳೆ ಬಣ್ಣದ ಮೆತ್ತನೆಯ ಹೊಪ್ಪಳೆಗಳು ಕಂಡರೆ ಬೆರಳಿನಿಂದ ಕೆರೆಯಿರಿ. ಅಡಿಯಲ್ಲಿ ಕಪ್ಪು ಕೆಸರು, ಅದರಡಿ ಹೊಸದಾಗಿ ಉಜ್ಜಿದಂತೆ ಫಳಫಳಿಸುವ ಗುಂಡಿಬಿದ್ದ ಉಕ್ಕು ಇದ್ದರೆ ಅದು ಬ್ಯಾಕ್ಟೀರಿಯಾಗಳು ನಡೆಸುವ ವೇಗದ ತುಕ್ಕು. ಕಪ್ಪು ಕೆಸರಿಗೆ ಒಂದು ಹನಿ ದುರ್ಬಲ ಆಮ್ಲ ಹಾಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಸಾಮಾನ್ಯ ಕಡಲ ತುಕ್ಕು ವರ್ಷಕ್ಕೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು ಉಕ್ಕನ್ನು ತಿಂದರೆ ಇದು ಅರ್ಧ ಮಿಲಿಮೀಟರಿಗೂ ಮೀರಿ ತಿನ್ನಬಲ್ಲದು. ಹತ್ತು ಮಿಲಿಮೀಟರ್ ದಪ್ಪದ ಹಾಳೆಗೆ ಆಯುಸ್ಸು ಎಷ್ಟೆಂದು ಲೆಕ್ಕ ಹಾಕಿಕೊಳ್ಳಿ. ಅಲ್ಟ್ರಾಸಾನಿಕ್ ಮೀಟರಿನಿಂದ ಉಳಿದ ದಪ್ಪ ಅಳೆಯಿಸಿ. ಹಾಳೆಯಲ್ಲಿ ತೂತಾದ ಮೇಲೆ ಹಿಂದಿನ ಮಣ್ಣು ಸೋರಿ, ದೂರು ಬರುವುದು ಮತ್ತೆ ನಡಿಗೆದಾರಿಯ ಗುಂಡಿಯ ರೂಪದಲ್ಲೇ.

ಬಂಡೆಯ ರಾಶಿ ತಗ್ಗಿದೆ

ಅಲೆ ತಡೆಯಲು ಸುರಿದ ಬಂಡೆಗಳು ಕಡಿಮೆಯಾಗಿವೆ ಎಂದು ಬರೆಯುವ ಮೊದಲು ಅವು ಎಲ್ಲಿವೆ ಎಂದು ನೋಡಿ. ರಾಶಿಯ ಮುಂದೆ ಮರಳಿನಲ್ಲಿ ಚೆಲ್ಲಿದ್ದರೆ ಅಲೆ ಅವುಗಳನ್ನು ಕಿತ್ತಿದೆ, ಎಂದರೆ ಆ ಅಲೆಗೆ ಬಂಡೆಯ ಗಾತ್ರ ಸಾಲಲಿಲ್ಲ. ಎಲ್ಲಿಯೂ ಚೆಲ್ಲಿಲ್ಲ, ಆದರೂ ರಾಶಿಯ ತಲೆ ತಗ್ಗಿದೆ ಎಂದಾದರೆ ಬಂಡೆಗಳಡಿಯ ಸೋಸುಪದರ ಹರಿದು ಮರಳು ಮೇಲೆದ್ದು ಹೋಗಿದೆ, ಬಂಡೆ ಹೂತುಕೊಂಡಿದೆ. ಎರಡಕ್ಕೂ ಒಂದೇ ಲಾರಿ ಕಲ್ಲು ಪರಿಹಾರವಲ್ಲ. ಮೊದಲನೆಯದಕ್ಕೆ ದೊಡ್ಡ ಬಂಡೆ ಬೇಕು. ಹಡ್ಸನ್ ಸೂತ್ರದ ಪ್ರಕಾರ ಬೇಕಾದ ಬಂಡೆಯ ತೂಕ ಅಲೆಯ ಎತ್ತರದ ಘನಕ್ಕೆ ಅನುಗುಣ: ಅಲೆ ಎರಡು ಪಟ್ಟಾದರೆ ಬಂಡೆ ಎಂಟು ಪಟ್ಟು ಭಾರವಿರಬೇಕು. ಹಳೆಯ ಗಾತ್ರದ ಕಲ್ಲನ್ನೇ ಇನ್ನಷ್ಟು ಸುರಿಯುವುದು ಕಡಲಿಗೆ ಕಲ್ಲು ಎಸೆಯುವ ಆಟ. ಎರಡನೆಯದಕ್ಕೆ ಬಂಡೆ ಎತ್ತಿ, ಬಟ್ಟೆ ಮತ್ತು ಸಣ್ಣಕಲ್ಲಿನ ಪದರ ಹಾಸಿ, ಬಂಡೆಯನ್ನು ಮತ್ತೆ ಜೋಡಿಸಬೇಕು.

ಬಂಡೆಯ ಬದಲು ನಾಲ್ಕು ಕಾಲಿನ ಕಾಂಕ್ರೀಟ್ ತುಂಡುಗಳಾದ ಟೆಟ್ರಾಪಾಡ್‌ಗಳಾದರೆ ಮುರಿದ ಕಾಲುಗಳನ್ನು ಎಣಿಸಿ, ಸ್ಥಳ ಗುರುತಿಸಿ ಫೋಟೊ ತೆಗೆಯಿರಿ. ಬಿರುಸಾದ ಅಲೆಯಿರುವಾಗ ದೂರದಲ್ಲಿ ನಿಂತು ಕಿವಿಗೊಟ್ಟರೆ, ಸಡಿಲವಾದವು ಒಂದಕ್ಕೊಂದು ಬಡಿಯುವ ಮಂದ ಸದ್ದು ಕೇಳುತ್ತದೆ. ಕಾಲು ಮುರಿಯುವುದು ಆ ಅಲ್ಲಾಟದಲ್ಲೇ. ಭಾರ ಹೆಚ್ಚಿದ್ದರೆ ಸಾಕೆಂಬ ನಂಬಿಕೆಯೂ ಅಪಾಯಕರ. ಪೋರ್ಚುಗಲ್ಲಿನ ಸೀನೆಸ್ ಬಂದರಿನ ಅಲೆತಡೆಗೆ 42 ಟನ್ನಿನ ಡೋಲೋಸ್ ಕಾಂಕ್ರೀಟ್ ತುಂಡುಗಳನ್ನು ಹಾಕಿದ್ದರು. 1978ರ ಫೆಬ್ರುವರಿಯ ಬಿರುಗಾಳಿ ಅವುಗಳಲ್ಲಿ ಬಹುಪಾಲನ್ನು ನಾಶಮಾಡಿತು. ತೆಳ್ಳನೆಯ ಕಾಲುಗಳ ದೊಡ್ಡ ತುಂಡು ಅಲುಗಾಡಿದರೆ ತನ್ನ ಭಾರಕ್ಕೆ ತಾನೇ ಮುರಿಯುತ್ತದೆ.

ನೀರು ಮೊದಲಿಗಿಂತ ಹೆಚ್ಚು ಹಾರುತ್ತಿದೆ

"ಗೋಡೆ ಎತ್ತರಿಸಿ" ಎಂಬ ಮನವಿ ಬರುವುದು ಈ ದೋಷಕ್ಕೆ. ಗೋಡೆಯ ತಲೆಯ ಮಟ್ಟವನ್ನು ಅಳೆದರೆ ಅದು ಬಹುಪಾಲು ಮೊದಲಿನಷ್ಟೇ ಇರುತ್ತದೆ. ಬದಲಾದದ್ದು ಮುಂದಿನ ಮರಳು. ಆಳವಿಲ್ಲದ ನೀರಿನಲ್ಲಿ ಅಲೆ ನೀರಿನ ಆಳದ ಸುಮಾರು 0.78 ಪಟ್ಟು ಎತ್ತರಕ್ಕೆ ಬಂದಾಗ ಒಡೆಯುತ್ತದೆ. ಮರಳು ಒಂದು ಮೀಟರ್ ತಗ್ಗಿತೆಂದರೆ ಗೋಡೆಯವರೆಗೆ ಒಡೆಯದೆ ಬರಬಲ್ಲ ಅಲೆ ಮುಕ್ಕಾಲು ಮೀಟರಿಗೂ ಹೆಚ್ಚು ಬೆಳೆಯಿತು. ಅರ್ಧ ಮೀಟರ್ ಗೋಡೆ ಏರಿಸಿದರೆ ಅದಕ್ಕೆ ಏನು ಸಾಲುತ್ತದೆ? ಜೊತೆಗೆ ಹಳೆಯ ಅಡಿಪಾಯದ ಮೇಲೆ ಹೊಸ ಭಾರ, ಹೊಸ ಅಲೆಯ ಹೊಡೆತ. ಬುಡದ ಅಳತೆಗಳ ಪುಸ್ತಕ ಇಟ್ಟವರಿಗೆ ಈ ವಾದ ಗೆಲ್ಲುವುದು ಸುಲಭ, ಇಡದವರು ಸಭೆಯಲ್ಲಿ ಸೋಲುತ್ತಾರೆ.

ಹಾರಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದೂ ತಪಾಸಣೆಯ ಭಾಗ. ಮಣ್ಣಿನ ಏರಿಯಾದರೆ ಒಳಬದಿಯ ಇಳಿಜಾರನ್ನು ನೋಡಿ: ಹುಲ್ಲು ಕಿತ್ತಿದೆಯೇ, ಜಾನುವಾರು ತುಳಿದ ಜಾಡುಗಳಿವೆಯೇ, ಬಿಲಗಳಿವೆಯೇ? 1953ರ ಜನವರಿ 31ರ ರಾತ್ರಿಯ ಉತ್ತರ ಸಮುದ್ರದ ಪ್ರವಾಹದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 1,836 ಜನ ಸತ್ತರು. ಅಲ್ಲಿ ಅನೇಕ ಏರಿಗಳು ಒಡೆದದ್ದು ಕಡಲಬದಿಯ ಹೊಡೆತಕ್ಕಲ್ಲ, ಮೇಲೆ ಹರಿದ ನೀರು ಒಳಬದಿಯನ್ನು ಕೊರೆದದ್ದರಿಂದ.

ಗೋಡೆ ಮುಗಿಯುವ ತುದಿಯಲ್ಲಿ ನೆಲ ಹಿಂದಕ್ಕೆ ಕೊರೆದಿದ್ದರೆ ಅದು ಗೋಡೆಯದ್ದೇ ಪರಿಣಾಮ. ಗೋಡೆಯನ್ನು ಇನ್ನೂ ಐವತ್ತು ಮೀಟರ್ ಮುಂದುವರಿಸಿದರೆ ಕೊರೆತವೂ ಐವತ್ತು ಮೀಟರ್ ಮುಂದೆ ಹೋಗುತ್ತದೆ, ಪಕ್ಕದ ಆಡಳಿತದ ಗಡಿಯೊಳಗೆ. ಮರಳಿಗೆ ಗಡಿ ತಿಳಿಯದು. ತುದಿಯನ್ನು ಹಿಂದಕ್ಕೆ ಬಾಗಿಸಿ ನೆಲದೊಳಗೆ ಸೇರಿಸುವುದು, ಪಕ್ಕದವರೊಂದಿಗೆ ಅಳತೆಗಳನ್ನು ಹಂಚಿಕೊಳ್ಳುವುದು, ಇಷ್ಟು ತಕ್ಷಣಕ್ಕೆ. ಹಾಗೆಯೇ ಗೋಡೆಯ ಮೂಲಕ ಹಾದುಹೋಗುವ ಚರಂಡಿ ಬಾಯಿಯ ಮುಚ್ಚಳ, ಪ್ರವಾಹದ ಗೇಟಿನ ರಬ್ಬರು ಇವುಗಳನ್ನೂ ಮರೆಯಬೇಡಿ. ಮುಚ್ಚಳದಲ್ಲಿ ಸಿಕ್ಕಿಕೊಂಡ ಒಂದು ಮರದ ತುಂಡು ಸಾಕು, ಗೋಡೆ ಗಟ್ಟಿಯಿದ್ದೂ ಹಿಂದಿನ ರಸ್ತೆ ಮುಳುಗುತ್ತದೆ.

ಬರೆದಿಡುವುದು, ಮತ್ತೆ ನೋಡುವುದು

ಗೋಡೆಯನ್ನು ತುಂಡುತುಂಡಾಗಿ ಸಂಖ್ಯೆ ಕೊಟ್ಟು, ಪ್ರತಿ ತುಂಡಿಗೆ 1ರಿಂದ 5ರವರೆಗೆ ಸ್ಥಿತಿಯ ದರ್ಜೆ ಬರೆಯುವ ಪದ್ಧತಿ ಹಲವು ಕಡೆ ಇದೆ. 1 ಎಂದರೆ ಹೊಸದರಂತೆ, 5 ಎಂದರೆ ಪೂರ್ತಿ ಕೆಟ್ಟದ್ದು. ಅದು ಒಳ್ಳೆಯದೇ. ಆದರೆ ದರ್ಜೆಯ ಪಕ್ಕದಲ್ಲಿ ಕಾರಣ ಬರೆಯದಿದ್ದರೆ ಮುಂದೆ ಬರುವವರಿಗೆ ಉಪಯೋಗವಿಲ್ಲ. "ಬಿರುಕು, ದರ್ಜೆ 3" ಎಂದರೆ ಏನೂ ತಿಳಿಯದು. "12ನೇ ತುಂಡು, ಓರೆ ಬಿರುಕು, ಬುಡದ ಮರಳು ಹಿಂದಿನ ಅಳತೆಗಿಂತ 0.6 ಮೀಟರ್ ಕೆಳಗೆ, ಮೂರನೆಯ ನೀರುಗಂಡಿಯಿಂದ ಕೆಸರು ನೀರು, ದರ್ಜೆ 4" ಎಂದರೆ ಟೆಂಡರಿನಲ್ಲಿ ಏನು ಕೇಳಬೇಕೆಂಬುದು ತಾನಾಗಿಯೇ ಬರುತ್ತದೆ.

ದುರಸ್ತಿಯಾದ ಮೇಲೆ ಬಿಲ್ಲಿಗೆ ಸಹಿ ಹಾಕುವ ಮುನ್ನ ಒಂದು ಹುಣ್ಣಿಮೆಯ ಉಬ್ಬರ ಹೋಗಲಿ. ಅದು ಇಳಿಯುವ ಹೊತ್ತಿಗೆ ಬುಡಕ್ಕೆ ಹೋಗಿ ನೀರುಗಂಡಿಗಳ ಕೆಳಗೆ ಬಿಳಿ ಬಟ್ಟಲು ಹಿಡಿಯಿರಿ. ನೀರು ಬರದಿದ್ದರೆ ಗ್ರೌಟು ಗಂಡಿ ಮುಚ್ಚಿದೆ. ಬಂದು ಬಟ್ಟಲಿನ ತಳದಲ್ಲಿ ಮಣ್ಣು ಕುಳಿತರೆ ಸೋಸುಪದರ ಕೆಲಸ ಮಾಡುತ್ತಿಲ್ಲ. ಎರಡರಲ್ಲಿ ಯಾವುದೇ ಆಗಿದ್ದರೂ ಗುತ್ತಿಗೆದಾರರನ್ನು ಮತ್ತೆ ಕರೆಸಬೇಕು. ತಿಳಿನೀರು ಬಂದರೆ ಸಹಿ ಹಾಕಿ, ಮೊದಲ ಬಿರುಗಾಳಿಯ ಮರುದಿನ ಸಲಾಕೆ ಹಿಡಿದು ಮತ್ತೆ ಬನ್ನಿ.